ಬಿಲ್ಲಿನಲ್ಲಿದ್ದ ಪಗಾರ

ಬೆಂಗಳೂರಿನ ಹೊರವರ್ತುಲ ರಸ್ತೆಗೆ ಹೊಂದಿಕೊಂಡ ಒಂದು ಕಂಪನಿ ಆವರಣದಲ್ಲಿ ನಾನು ಕೆಲವು ವರ್ಷ ಉದ್ಯಾನದ ಸೂಪರ್‌ವೈಸರ್ ಆಗಿದ್ದೆ. ಕಂಪನಿಯ ನೌಕರನಲ್ಲ, ಅಲ್ಲಿನ ಹಸಿರು ನೋಡಿಕೊಳ್ಳುವ ಗುತ್ತಿಗೆದಾರನ ನೌಕರ. ಹಬ್ಬಕ್ಕೆ ಊರಿಗೆ ಹೋದಾಗ ಪಗಾರ ಎಷ್ಟು ಎಂದು ಕೇಳಿದವರಿಗೆಲ್ಲ 18 ಸಾವಿರ ಎನ್ನುತ್ತಿದ್ದೆ. ಕೈಗೆ ಬರುತ್ತಿದ್ದದ್ದು 14 ಸಾವಿರ. ಆ ಸುಳ್ಳನ್ನು ನಂಬಿ ಬ್ಯಾಡಗಿ ತಾಲ್ಲೂಕಿನ ನಮ್ಮೂರು ಮತ್ತು ಸುತ್ತಲಿನ ಊರುಗಳ ಹುಡುಗರು ನನ್ನ ಜೊತೆ ರೈಲು ಹತ್ತಿದರು. ಅವರಲ್ಲೊಬ್ಬನ ಬಲಗೈಯ ಎರಡು ಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ. ಬೆರಳು ಕೊಯ್ದದ್ದು ಯಂತ್ರ. ಆಮೇಲೆ ಅವನ ಮನೆಗೆ ಆದ ನಷ್ಟಕ್ಕೆ ಕಾರಣ ನಾನು. ಇದನ್ನು ಅವನ ಎದುರು ಹೇಳಿದ್ದೇನೆ, ಅವನ ತಾಯಿಯ ಎದುರೂ ಹೇಳಿದ್ದೇನೆ. ಈಗ ಬರೆಯುತ್ತಿರುವುದು ನಮ್ಮ ಜಿಲ್ಲೆಯಿಂದ ಈ ಕೆಲಸಕ್ಕೆ ಹೋಗುವವರು ಇನ್ನೂ ಇದ್ದಾರೆ ಎಂಬ ಕಾರಣಕ್ಕೆ.

ನಮ್ಮ ಕಡೆ ಬೆಲೆಯನ್ನು ಯಾರೂ ಮುಚ್ಚಿಡುವುದಿಲ್ಲ. ಬ್ಯಾಡಗಿ ಮಾರುಕಟ್ಟೆಯಲ್ಲಿ ಸೋಮವಾರ, ಗುರುವಾರ ಮೆಣಸಿನಕಾಯಿ ಚೀಲಗಳ ಸಾಲು ಕಣ್ಣಿಗೆ ಹತ್ತದಷ್ಟು ಉದ್ದವಾಗಿರುತ್ತದೆ. ಟೆಂಡರ್ ಮುಗಿದರೆ ಯಾರ ಲಾಟು ಎಷ್ಟಕ್ಕೆ ಹೋಯಿತು, ಡಬ್ಬಿ ತಳಿಗೆ ಎಷ್ಟು, ಕಡ್ಡಿ ತಳಿಗೆ ಎಷ್ಟು ಎಂಬುದು ಸಂಜೆಯೊಳಗೆ ಊರೂರಿನ ಕಟ್ಟೆಗೆ ತಲುಪುತ್ತದೆ. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬ ಗುಣಕ್ಕೆ 2011ರಲ್ಲಿ ಭೌಗೋಳಿಕ ಗುರುತು ಪಡೆದ ಕಾಯಿ ಅದು. ಅದರ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೂ ಕಿಲೋಗೆ ಎಷ್ಟು ಎಂಬುದು ಕೂರುವ ಮೊದಲೇ ಗೊತ್ತು. ರಾಣೆಬೆನ್ನೂರು ಸುತ್ತಲಿನ ಬೀಜೋತ್ಪಾದನೆಯ ಹೊಲಗಳಲ್ಲೂ ಹಾಗೆಯೇ. ಮೊಗ್ಗಿನ ಗಂಡುಭಾಗ ಕಿತ್ತು ಮರುದಿನ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸಕ್ಕೆ ಬರುವ ಆಳು, ದಿನಗೂಲಿ ಮಾತಾಡದೆ ಬದು ದಾಟುವುದಿಲ್ಲ. ನಾನೂ ಬೆಂಡೆ, ಟೊಮ್ಯಾಟೊ ಪ್ಲಾಟುಗಳಲ್ಲಿ ಕ್ರಾಸಿಂಗ್ ಮಾಡಿ ಬೆಳೆದವನು. ಇಂಥ ಊರಿನಿಂದ ಹೋದವನು ನನ್ನ ಸ್ವಂತ ದುಡಿಮೆಯ ದರವನ್ನು ವಿಚಾರಿಸದೆ ಕೆಲಸಕ್ಕೆ ಸೇರಿದೆ. ಅಲ್ಲಿಂದಲೇ ತಪ್ಪು ಶುರುವಾಯಿತು.

ತೋಟಗಾರಿಕೆ ಇಲಾಖೆ ರೈತರ ಮಕ್ಕಳಿಗೆ ಕೊಡುವ 10 ತಿಂಗಳ ತರಬೇತಿ ಮುಗಿಸಿದ್ದೆ. ಕಸಿ ಕಟ್ಟುವುದು, ಸಸಿ ಮಡಿ, ಹುಲ್ಲುಹಾಸು, ಬೇಲಿಗಿಡ ಸವರುವುದು ಎಲ್ಲ ಗೊತ್ತಿತ್ತು. ಲಾಲ್‌ಬಾಗ್ ಮೊದಲ ಸಲ ನೋಡಿದ ದಿನ ಗಾಜಿನಮನೆಯ ಮುಂದೆ ನಿಂತು, ಬದುಕಿದರೆ ಇಂಥ ಕೆಲಸದಲ್ಲೇ ಬದುಕಬೇಕು ಅಂದುಕೊಂಡಿದ್ದೆ. 1760ರಲ್ಲಿ ಹೈದರಾಲಿ ಶುರುಮಾಡಿದ ತೋಟ ಈಗ 240 ಎಕರೆಯ ಸಸ್ಯಕಾಶಿ. ಅದನ್ನು ಬೆಳೆಸಿದ ಕೃಂಬಿಗಲ್, ಮರೀಗೌಡ ಎಂಬ ಹೆಸರುಗಳನ್ನು ತರಬೇತಿಯಲ್ಲಿ ಭಕ್ತಿಯಿಂದ ಕೇಳಿದ್ದೆವು. ಆ ಭಕ್ತಿ ಸುಳ್ಳಲ್ಲ, ಈಗಲೂ ಇದೆ. ಆದರೆ ಕೆಲಸದ ಮೇಲಿನ ಪ್ರೀತಿ ಎಷ್ಟು ಹೆಚ್ಚಿತ್ತೋ ಕೂಲಿ ವಿಚಾರಿಸುವ ಸಂಕೋಚವೂ ಅಷ್ಟೇ ಹೆಚ್ಚಿತ್ತು. ಸಂದರ್ಶನದಲ್ಲಿ ಗುತ್ತಿಗೆದಾರ "ಕೈಗೆ 14 ಬರುತ್ತೆ" ಅಂದ. "ಆಯ್ತು ಸರ್" ಅಂದೆ. ಮೂಲ ವೇತನ ಎಷ್ಟು, ತುಟ್ಟಿಭತ್ಯೆ ಎಷ್ಟು, ಪಿಎಫ್ ಕಟ್ಟುತ್ತಾರೋ ಇಲ್ಲವೋ, ವಾರದ ರಜೆ ಇದೆಯೋ, ನೇಮಕಾತಿ ಪತ್ರ ಯಾವಾಗ ಕೊಡುತ್ತಾರೆ, ಒಂದನ್ನೂ ಕೇಳಲಿಲ್ಲ.

ಸೂಪರ್‌ವೈಸರ್‌ನ ಕೆಲಸ ಏನು ಎಂಬುದನ್ನು ಇಲ್ಲಿ ಹೇಳಬೇಕು. ಹೊರಗಿನವರಿಗೆ ಅವನು ಛತ್ರಿ ಹಿಡಿದು ನಿಂತವನಂತೆ ಕಾಣುತ್ತಾನೆ. ಬೆಳಗಿನ ಆರೂವರೆಗೆ ಹಾಜರಿ ಹಾಕಬೇಕು. ಒಬ್ಬ ಬರಲಿಲ್ಲ ಎಂದರೆ ಅವನ ಪಾಲಿನ ಬೇಲಿಗೆ ನಾನೇ ಕತ್ತರಿ ಹಿಡಿಯಬೇಕು. ಬೆಂಗಳೂರಿನ ದೊಡ್ಡ ಆವರಣಗಳಲ್ಲಿ ಗಿಡಗಳಿಗೆ ಹಾಕುವುದು ಒಳಗಿನ ಶುದ್ಧೀಕರಣ ಘಟಕದ ನೀರು. ಅದರಲ್ಲಿ ಉಪ್ಪು ಹೆಚ್ಚಾದ ವಾರ ಇಕ್ಸೋರಾದ ಎಲೆಯಂಚು ಸುಡುತ್ತದೆ, ಮೆಕ್ಸಿಕನ್ ಹುಲ್ಲು ತೇಪೆತೇಪೆಯಾಗಿ ಹಳದಿಗಟ್ಟುತ್ತದೆ. ಘಟಕ ಬೇರೆಯವರ ಗುತ್ತಿಗೆ, ಬೈಗುಳ ಮಾತ್ರ ತೋಟದವನಿಗೆ. ಹುಲ್ಲುಹಾಸಿನಲ್ಲಿ ಜೇಕಿನ ಕಳೆ ಎದ್ದರೆ ಮೇಲಿನ ಗರಿ ಕಿತ್ತು ಪ್ರಯೋಜನವಿಲ್ಲ, ಮಣ್ಣಿನೊಳಗಿನ ಗಡ್ಡೆ ತೆಗೆಯಬೇಕು. ಒಂದು ಗಡ್ಡೆ ಉಳಿದರೂ ತಿಂಗಳೊಪ್ಪತ್ತಿನಲ್ಲಿ ಮತ್ತೆ ಅಷ್ಟೇ. ಈ ಮಾತನ್ನು ವ್ಯವಸ್ಥಾಪಕರಿಗೆ ತಿಳಿಸುವುದು ನನ್ನ ಕೆಲಸ, ಅವರು ತಿಳಿಯದಿದ್ದರೆ ಮಾಲಿಗಳನ್ನು ಮಧ್ಯಾಹ್ನದ ಬಿಸಿಲಲ್ಲಿ ಕೂರಿಸಿ ಗರಿ ಕೀಳಿಸುವುದೂ ನನ್ನ ಕೆಲಸ. ಆಂಧ್ರದ ಕಡಿಯಂನಿಂದ ಗಿಡಗಳ ಲಾರಿ ರಾತ್ರಿ ಹನ್ನೊಂದಕ್ಕೆ ಬಂದರೆ ಇಳಿಸಿಕೊಳ್ಳಲು ನಾನೇ ಹೋಗಬೇಕು. ವಿದೇಶಿ ಅತಿಥಿ ಬರುವ ಹಿಂದಿನ ದಿನ ಎರಡು ಪಾಳಿ. ಹೆಚ್ಚುವರಿ ದುಡಿಮೆಗೆ ಹಣ ಕೇಳಿದರೆ "ನೀನು ಸೂಪರ್‌ವೈಸರ್, ನಿನಗೆ ಓಟಿ ಬರಲ್ಲ" ಎಂಬ ಉತ್ತರ. ಮಾಲಿಗಿಂತ 5 ಸಾವಿರ ಹೆಚ್ಚಿನ ಪಗಾರಕ್ಕೆ ಆವರಣದ ಒಂದೊಂದು ಎಲೆಗೂ ನಾನು ಹೊಣೆ.

ಮಾಲಿಗಳಿಗೆ ಕೈಗೆ 9 ಸಾವಿರ ಬರುತ್ತಿತ್ತು. ಅದನ್ನೂ ನಾನೇ ಲಕೋಟೆಯಲ್ಲಿ ಹಾಕಿ ಕೊಡುತ್ತಿದ್ದೆ. ಬಟವಾಡೆಯ ದಿನ ಅವರ ಸಹಿ ತೆಗೆದುಕೊಳ್ಳುವ ಹಾಳೆಯಲ್ಲಿ ಮೊತ್ತದ ಜಾಗ ಖಾಲಿ ಇರುತ್ತಿತ್ತು. ಕಚೇರಿಯಲ್ಲಿ ತುಂಬುತ್ತಾರೆ ಎಂದು ನಂಬಿದ್ದೆ, ಹುಡುಗರನ್ನೂ ನಂಬಿಸಿದ್ದೆ.

ಒಂದು ದಿನ ಕಂಪನಿಯ ಲೆಕ್ಕವಿಭಾಗದವರು ಬಿಲ್ಲಿನಲ್ಲಿ ತಲೆ ಎಣಿಕೆ ಸರಿಯಿಲ್ಲ ಎಂದು ನನ್ನನ್ನು ಕರೆದು ಹಾಜರಿ ಪುಸ್ತಕದ ಜೊತೆ ತಾಳೆ ನೋಡಲು ಹೇಳಿದರು. ಆಗ ಮೊದಲ ಸಲ ಬಿಲ್ಲು ನೋಡಿದೆ. ಸೂಪರ್‌ವೈಸರ್ ಒಬ್ಬನಿಗೆ 23 ಸಾವಿರ ಚಿಲ್ಲರೆ, ಮಾಲಿಗೆ ತಲಾ 15 ಸಾವಿರ ಚಿಲ್ಲರೆ. ಪಕ್ಕದಲ್ಲಿ ವಿವರ: ಮೂಲ ವೇತನ ಮತ್ತು ತುಟ್ಟಿಭತ್ಯೆ, ಮಾಲಿಕರ ಪಿಎಫ್ ಪಾಲು, ಇಎಸ್‌ಐ ಪಾಲು, ಬೋನಸ್ ಶೇ 8.33, ಸಮವಸ್ತ್ರ, ಸೇವಾಶುಲ್ಕ, ಕೊನೆಗೆ ಶೇ 18 ಜಿಎಸ್‌ಟಿ. ಬಿಲ್ಲಿನ ಮೊತ್ತವೆಲ್ಲ ನನ್ನ ಕೈಗೇ ಬರಬೇಕಿತ್ತು ಎಂದು ಹೇಳುತ್ತಿಲ್ಲ. ಗುತ್ತಿಗೆದಾರನಿಗೂ ಮನೆಯಿದೆ, ಅವನ ಲಾಭವೂ ನ್ಯಾಯವೇ. ಪಿಎಫ್‌ನಲ್ಲಿ ಮಾಲಿಕ ಶೇ 12, ಕೆಲಸಗಾರ ಶೇ 12 ಹಾಕಬೇಕು. ಇಎಸ್‌ಐಗೂ ಇಬ್ಬರ ಪಾಲಿದೆ. ಅವೆಲ್ಲ ಕಳೆದು ಕೈಗೆ ಕಡಿಮೆಯೇ ಬರಬೇಕು. ಆದರೆ ಕಳೆದದ್ದು ಕಟ್ಟಬೇಕಾದ ಕಡೆ ಕಟ್ಟಿರಬೇಕಲ್ಲ! ನಮ್ಮ ಮಾಲಿಗಳಲ್ಲಿ ಅರ್ಧಕ್ಕೂ ಹೆಚ್ಚು ಜನರಿಗೆ ಪಿಎಫ್ ಸಂಖ್ಯೆಯೇ ಇರಲಿಲ್ಲ. ಒಬ್ಬನ ಕೈಯಲ್ಲೂ ಇಎಸ್‌ಐ ಚೀಟಿ ಇರಲಿಲ್ಲ. ಬಿಲ್ಲಿನಲ್ಲಿ ಮಾತ್ರ ಎಲ್ಲರಿಗೂ ಎಲ್ಲವೂ ಇತ್ತು. ಬಿಲ್ಲಿನಲ್ಲಿ ಅವರು ಅರೆಕುಶಲ ಕೆಲಸಗಾರರು, ಕೈಗೆ ಬಂದದ್ದು ಅಕುಶಲರ ಕನಿಷ್ಠ ವೇತನಕ್ಕಿಂತಲೂ ಕಡಿಮೆ.

ನಾನು ಗುತ್ತಿಗೆದಾರನ ಬಳಿ ಹೋಗಿ ಕೇಳಿದೆ. ಅವನು ಕೂಗಾಡಲಿಲ್ಲ. ಚಹಾ ತರಿಸಿದ. "ಮುಂದಿನ ತಿಂಗಳಿಂದ ನಿನಗೆ 2 ಸಾವಿರ ಜಾಸ್ತಿ ಮಾಡ್ತೀನಿ, ಹುಡುಗರ ಪಿಎಫ್ ಕೆಲಸ ನಡೀತಾ ಇದೆ" ಅಂದ. ನಾನು ಚಹಾ ಕುಡಿದು ಎದ್ದು ಬಂದೆ. ಹುಡುಗರ ಹತ್ತಿರ ಬಿಲ್ಲಿನ ಸುದ್ದಿ ಎತ್ತಲಿಲ್ಲ. ಆ 2 ಸಾವಿರ ಬಂತು. ತಂಗಿಯ ಮದುವೆಯ ಸಾಲ ತೀರಿಸುವ ಕಾಲ ಅದು, ಆ ದುಡ್ಡು ನನಗೆ ಬೇಕಾಗಿತ್ತು ಎಂಬುದೂ ನಿಜ. ಆದರೆ ಊರಿನ ಬಡತನವನ್ನು ನೆಪ ಮಾಡಿ ಇದನ್ನು ಹಗುರ ಮಾಡಲು ನನಗೆ ಇಷ್ಟವಿಲ್ಲ. ಲಕೋಟೆ ತೆಗೆದುಕೊಳ್ಳುವ ಹುಡುಗರ ಮನೆಗಳಲ್ಲೂ ಸಾಲ ಇತ್ತು, ಮದುವೆಗೆ ಬಂದ ತಂಗಿಯರು ಇದ್ದರು.

ಅವಘಡ ಆದದ್ದು ಮಳೆಗಾಲದಲ್ಲಿ. ಡುರಾಂಟಾ ಬೇಲಿ ಮಳೆಗೆ ಹುಚ್ಚೆದ್ದು ಬೆಳೆಯುವ ಸಮಯ. ಬೇಲಿ ಕತ್ತರಿಸುವ ಪೆಟ್ರೋಲ್ ಯಂತ್ರದ ಹಲ್ಲಿಗೆ ಒದ್ದೆ ರೆಂಬೆ ಸಿಕ್ಕಿಕೊಂಡಿತು. ಆ ಹುಡುಗ ಎಂಜಿನ್ ಆರಿಸದೆ ಅದನ್ನು ಎಳೆಯಹೋದ. ಕೈಗವಸು ಹರಿದಿದ್ದದ್ದು ನನಗೆ ಗೊತ್ತಿತ್ತು, ಹೊಸದಕ್ಕೆ ಬರೆದುಕೊಟ್ಟು ತಿಂಗಳಾಗಿತ್ತು. ನರ ತುಂಡಾಗಿ ಎರಡು ಬೆರಳು ನೇತಾಡುತ್ತಿದ್ದವು. ಹತ್ತಿರದ ಖಾಸಗಿ ಆಸ್ಪತ್ರೆಗೆ ಓಡಿದೆವು. ಅಲ್ಲಿ ಮೊದಲು ಕೇಳಿದ್ದೇ ಇಎಸ್‌ಐ ಸಂಖ್ಯೆ. ಬಿಲ್ಲಿನಲ್ಲಿ ಅವನ ಹೆಸರಿನ ಮುಂದೆ ಇಎಸ್‌ಐ ಮೊತ್ತ ಬರೆದದ್ದನ್ನು ಕಣ್ಣಾರೆ ಕಂಡವನು ನಾನು. "ಇಲ್ಲ ಸರ್" ಎಂದು ಹೇಳಿದವನೂ ನಾನೇ.

ಗುತ್ತಿಗೆದಾರ ಅಂದು ರಾತ್ರಿ ಬಂದು ಸ್ವಲ್ಪ ಹಣ ಕಟ್ಟಿದ. ಮರುದಿನ ಒಂದು ವರದಿ ಬರೆಸಿದ: ಕೆಲಸದ ಸಮಯ ಮುಗಿದ ಮೇಲೆ, ಯಾರೂ ಹೇಳದೆ, ಹುಡುಗ ತನ್ನ ನಿರ್ಲಕ್ಷ್ಯದಿಂದ ಯಂತ್ರ ಮುಟ್ಟಿದ ಎಂದು. ಕೈ ನನ್ನದು, ಸಹಿ ನನ್ನದು. ಹಾಜರಿ ಪುಸ್ತಕವನ್ನೂ ಗುತ್ತಿಗೆದಾರನ ಕೈಗೆ ಕೊಟ್ಟುಬಿಟ್ಟೆ. ಅವಘಡದ ದಿನ ಬೆಳಿಗ್ಗೆ ಹುಡುಗನ ಹೆಸರಿನ ಎದುರು ನಾನೇ ಹಾಕಿದ ಗುರುತು ಅದರಲ್ಲಿತ್ತು. ಆ ಹುಡುಗನ ಪರವಾಗಿ ಲೋಕದಲ್ಲಿ ಇದ್ದ ಒಂದೇ ಸಾಕ್ಷಿ ಅದು.

ಉಳಿದ ಖರ್ಚಿಗೆ ಅವನ ಅಪ್ಪ ಬ್ಯಾಡಗಿಯ ದಲಾಲಿ ಅಂಗಡಿಯಲ್ಲಿ ಮುಂದಿನ ಫಸಲಿನ ಮೇಲೆ ಮುಂಗಡ ಎತ್ತಿದ. ಆ ವರ್ಷ ಕಾಯಿಗೆ ರೋಗ ಬಿತ್ತು. ಹೆಚ್ಚು ಬರೆಯಲಾರೆ.

ನಂತರ ಹಾವೇರಿಯಲ್ಲಿ ಒಬ್ಬ ವಕೀಲರು ನನ್ನನ್ನು ಕೂರಿಸಿ ಕಾನೂನು ಹೇಳಿದರು. ಅದನ್ನು ಕೇಳುತ್ತ ನಾನು ಕೂತಲ್ಲೇ ಕುಸಿದೆ. ಕೆಲಸದಲ್ಲಿ ಆದ ಗಾಯಕ್ಕೆ ಇಎಸ್‌ಐ ಸೌಲಭ್ಯ ಪಡೆಯಲು ಇಷ್ಟು ತಿಂಗಳು ವಂತಿಗೆ ಕಟ್ಟಿರಬೇಕು ಎಂಬ ನಿಯಮವಿಲ್ಲ, ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ರಕ್ಷಣೆ ಇದೆ. ದುಡಿಯಲಾಗದ ಅವಧಿಯುದ್ದಕ್ಕೂ ಕೂಲಿಯ ಶೇ 90 ಸಿಗುತ್ತದೆ. ಕೈ ಶಾಶ್ವತವಾಗಿ ಊನವಾದರೆ ಊನದ ಪ್ರಮಾಣಕ್ಕೆ ತಕ್ಕಂತೆ ಜೀವನವಿಡೀ ಮಾಸಿಕ ಹಣ. ಹತ್ತು ಅಥವಾ ಹೆಚ್ಚು ಜನ ದುಡಿಯುವ, ಕಾಯ್ದೆ ಅನ್ವಯಿಸುವ ಕಡೆ ಮಾಲಿಕ ವಂತಿಗೆ ಕಟ್ಟಿಲ್ಲ ಎಂಬ ಕಾರಣಕ್ಕೆ ಕೆಲಸಗಾರನ ಹಕ್ಕು ಹೋಗುವುದಿಲ್ಲ. ಇಎಸ್‌ಐ ನಿಗಮ ಕೊಟ್ಟು, ಮಾಲಿಕನಿಂದ ವಸೂಲಿ ಮಾಡಿಕೊಳ್ಳಬಹುದು. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲೂ, ಗುತ್ತಿಗೆದಾರ ಕೂಲಿ ಕೊಡದಿದ್ದರೆ ಅಥವಾ ಕಡಿಮೆ ಕೊಟ್ಟರೆ ಕೆಲಸ ಮಾಡಿಸಿಕೊಂಡ ಮೂಲ ಮಾಲಿಕನೇ ಕೊಡಬೇಕು ಎಂದಿತ್ತು. ಇಷ್ಟೆಲ್ಲ ಹಕ್ಕಿದ್ದ ಹುಡುಗನಿಗೆ ಬೇಕಾದದ್ದು ಅಂದು ಅವನು ಕೆಲಸದ ಮೇಲಿದ್ದ ಎಂಬ ಒಂದು ಕಾಗದ. ನಾನು ಅದಕ್ಕೆ ತದ್ವಿರುದ್ಧವಾದದ್ದನ್ನು ಬರೆದು ಸಹಿ ಹಾಕಿದ್ದೆ.

ನನ್ನ ಗತಿಯೂ ಬೇರೆಯಾಗಲಿಲ್ಲ. ಗುತ್ತಿಗೆ ಬೇರೊಬ್ಬರ ಪಾಲಾದಾಗ ಹೊಸಬರು ತಮ್ಮದೇ ಸೂಪರ್‌ವೈಸರ್‌ನನ್ನು ತಂದರು. ನನ್ನ ಪಿಎಫ್ ಪುಸ್ತಕ ತೆರೆದು ನೋಡಿದರೆ ಅರ್ಧದಷ್ಟು ತಿಂಗಳುಗಳಿಗೆ ಹಣ ಜಮೆಯೇ ಆಗಿರಲಿಲ್ಲ. ಕಾರ್ಮಿಕ ನ್ಯಾಯಾಲಯಕ್ಕೆ ಹೋಗೋಣ ಎಂದರೆ ವಕೀಲರು ಇನ್ನೊಂದು ತೊಡಕು ತೋರಿಸಿದರು. ಆಗ ಜಾರಿಯಲ್ಲಿದ್ದ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ಮೇಲ್ವಿಚಾರಣೆಯ ಕೆಲಸದಲ್ಲಿದ್ದು ತಿಂಗಳಿಗೆ 10 ಸಾವಿರಕ್ಕಿಂತ ಹೆಚ್ಚು ಪಡೆಯುವವನು ಕಾರ್ಮಿಕ ಎನಿಸಿಕೊಳ್ಳುತ್ತಿರಲಿಲ್ಲ. 2010ರ ತಿದ್ದುಪಡಿಗೆ ಮೊದಲು ಆ ಮಿತಿ 1,600 ರೂಪಾಯಿ ಇತ್ತಂತೆ. ಹುದ್ದೆಯ ಹೆಸರು ನೋಡಿ ನ್ಯಾಯಾಲಯ ತೀರ್ಮಾನಿಸುವುದಿಲ್ಲ, ದಿನವೂ ಮಾಡುವ ಮುಖ್ಯ ಕೆಲಸ ಯಾವುದು ಎಂಬುದನ್ನು ನೋಡುತ್ತದೆ ಎಂದು ಅವರು ಧೈರ್ಯ ತುಂಬಿದರು. ನಾನು ಬೇಲಿ ಕತ್ತರಿಸಿದ್ದಕ್ಕೆ, ಗೊಬ್ಬರ ಹೊತ್ತಿದ್ದಕ್ಕೆ ಯಾವ ದಾಖಲೆ ಇತ್ತು? ಹಾಜರಿ ಪುಸ್ತಕ ನಾನೇ ಕೊಟ್ಟಾಗಿತ್ತು. ಒಪ್ಪಿಕೊಂಡ ಕೆಲಸಕ್ಕೆ ಒಂದು ಹಾಳೆಯಷ್ಟು ನೇಮಕಾತಿ ಪತ್ರವೂ ನನ್ನಲ್ಲಿರಲಿಲ್ಲ. ಬೆಂಗಳೂರು ಬಿಟ್ಟು ಬಂದೆ.

ಕೆಲಸಕ್ಕೆ ಸೇರುವ ಮೊದಲೇ ದರ ತಿಳಿಯುವ ವ್ಯವಸ್ಥೆ ಬೇರೆ ಕಡೆ ಇದೆ. ಅಮೆರಿಕದಲ್ಲಿ ಕಾರ್ಮಿಕ ಅಂಕಿಅಂಶಗಳ ಬ್ಯೂರೋ ಎಂಬ ಸರ್ಕಾರಿ ಸಂಸ್ಥೆಯಿದೆ. ಉದ್ಯಾನ ಮತ್ತು ಆವರಣ ನಿರ್ವಹಣೆಯ ಮೇಲ್ವಿಚಾರಕರಿಗೆ 37-1012 ಎಂಬ ಸಂಖ್ಯೆ ಕೊಟ್ಟು, ಮಹಾನಗರ ಪ್ರದೇಶವಾರು ಅವರ ಸಂಬಳವನ್ನು ಅದು ವರ್ಷವರ್ಷವೂ ಪ್ರಕಟಿಸುತ್ತದೆ. ಕೆಳಗಿನ ಹತ್ತನೇ ಒಂದು ಭಾಗದವರಿಗೆ ಎಷ್ಟು, ನಡುವಿನವನಿಗೆ ಎಷ್ಟು, ಮೇಲಿನವರಿಗೆ ಎಷ್ಟು ಎಂಬುದು ಯಾರು ಬೇಕಾದರೂ ನೋಡುವಂತಿದೆ. ಕೆಲಸಕ್ಕೆ ಹೋಗುವವನು ಅದನ್ನು ನೋಡಿಕೊಂಡು ಮಾತಿಗೆ ಕೂರಬಹುದು. ಅದು ತಿಳಿದ ದಿನ ನನಗೆ ನೆನಪಾದದ್ದು ನಮ್ಮ ಬ್ಯಾಡಗಿ ಮಾರುಕಟ್ಟೆಯೇ. ಮೆಣಸಿನಕಾಯಿಗೆ ನಾವು ಮಾಡಿಕೊಂಡ ವ್ಯವಸ್ಥೆಯನ್ನು ಮನುಷ್ಯನ ದುಡಿಮೆಗೆ ಮಾಡಿಕೊಂಡಿಲ್ಲ. ನಮ್ಮಲ್ಲಿ ಕನಿಷ್ಠ ವೇತನದ ಅಧಿಸೂಚನೆ ಇದೆ, ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತದೆ, ಬೆಂಗಳೂರಿನ ವಲಯಕ್ಕೂ ತಾಲ್ಲೂಕು ಕೇಂದ್ರಗಳ ವಲಯಕ್ಕೂ ದರ ಬೇರೆ. ಅದು ಇಳಿಯಬಾರದ ಗೆರೆ ಮಾತ್ರ. ಬೆಂಗಳೂರಿನಲ್ಲಿ ಹತ್ತಾರು ಮಾಲಿಗಳನ್ನು ನಡೆಸಬಲ್ಲ, ಜೇಕಿನ ಗಡ್ಡೆಯನ್ನೂ ನೀರಿನ ಉಪ್ಪನ್ನೂ ಬಲ್ಲ ಸೂಪರ್‌ವೈಸರ್‌ಗೆ ನಿಜವಾಗಿ ಎಷ್ಟು ಸಿಗುತ್ತಿದೆ ಎಂಬುದು ಬಾಯಿಂದ ಬಾಯಿಗೆ ಹೋಗುವ ಮಾತಿನಿಂದಲೇ ತಿಳಿಯಬೇಕು. ಆ ಮಾತಿಗೆ ನನ್ನಂಥವರು 4 ಸಾವಿರ ಸೇರಿಸಿ ಹೇಳುತ್ತೇವೆ. ನಾನು ಹೇಳಿದ 18 ಸಾವಿರದ ಕೆಡುಕು ಪೂರ್ತಿ ಅರ್ಥವಾದದ್ದು ಆಗ. ಒಬ್ಬ ತನ್ನ ಪಗಾರವನ್ನು ಹೆಚ್ಚಿಸಿ ಹೇಳಿದರೆ ಅವನ ಹಿಂದೆ ಬರುವವರಿಗೆ ಚೌಕಾಸಿಯ ನೆಲೆಯೇ ತಪ್ಪುತ್ತದೆ. ನನ್ನ ಮಾನ ಉಳಿಸಲು ಹೇಳಿದ ಅಂಕಿ ಅವರ ಹೊಟ್ಟೆಯ ಲೆಕ್ಕವನ್ನು ಕೆಡಿಸಿತು.

ಈಗ ಹಾವೇರಿ ಹತ್ತಿರ ಹೆದ್ದಾರಿ ಬದಿಯಲ್ಲಿ ಸಣ್ಣ ನರ್ಸರಿ ನಡೆಸುತ್ತೇನೆ. ಕಲ್ಯಾಣಮಂಟಪ, ಶಾಲೆ, ಪೆಟ್ರೋಲ್ ಬಂಕುಗಳಿಗೆ ಹುಲ್ಲುಹಾಸು ಹಾಕಿಕೊಡುತ್ತೇನೆ. ಗೊಟಗೋಡಿಯಲ್ಲಿ ಸೊಲಬಕ್ಕನವರ್ ಕಟ್ಟಿದ ಉತ್ಸವ ರಾಕ್ ಗಾರ್ಡನ್ ನೋಡಿ ಬಂದವರು ನಮಗೂ ಅಂಥ ಅಂಗಳ ಬೇಕು ಎಂದು ಕೇಳುವುದುಂಟು. ನನ್ನ ಬಳಿ ದುಡಿಯುವವರು ಬೆರಳೆಣಿಕೆಯಷ್ಟು, ಇಎಸ್‌ಐ ನಮಗೆ ಕಡ್ಡಾಯವಲ್ಲ. ಅದಕ್ಕೆ ಪ್ರಧಾನಮಂತ್ರಿ ಸುರಕ್ಷಾ ಬಿಮಾದಲ್ಲಿ ವರ್ಷಕ್ಕೆ 20 ರೂಪಾಯಿಯಂತೆ ಎಲ್ಲರ ಹೆಸರಿಗೂ ಕಟ್ಟಿಸಿದ್ದೇನೆ. ಜೀವ ಹೋದರೆ 2 ಲಕ್ಷ, ಒಂದು ಕೈ ಅಥವಾ ಕಣ್ಣು ಹೋದರೆ 1 ಲಕ್ಷ. ಎರಡು ಬೆರಳಿನ ಗಾಯಕ್ಕೆ ಅದು ಆಗುವುದಿಲ್ಲ, ಆ ಖರ್ಚು ನನ್ನದು ಎಂದು ಬರೆದುಕೊಟ್ಟಿದ್ದೇನೆ. ಹಾಜರಿ ಪುಸ್ತಕದ ಪುಟವನ್ನು ಪ್ರತಿ ಶನಿವಾರ ಎಲ್ಲರೂ ತಮ್ಮ ಮೊಬೈಲಿನಲ್ಲಿ ಫೋಟೊ ಹಿಡಿದುಕೊಳ್ಳುತ್ತಾರೆ. ಬೆರಳು ಊನವಾದವನಿಗೆ ವರ್ಷಕ್ಕೊಮ್ಮೆ ಸ್ವಲ್ಪ ಹಣ ಮುಟ್ಟಿಸುತ್ತೇನೆ. ಅವನು ತೆಗೆದುಕೊಳ್ಳುತ್ತಾನೆ, ಹೆಚ್ಚು ಮಾತಾಡುವುದಿಲ್ಲ. ಅದು ಪರಿಹಾರವಲ್ಲ ಎಂಬುದು ಇಬ್ಬರಿಗೂ ಗೊತ್ತು.

ಹುಡುಗರು ಬಂದು ಕೇಳುತ್ತಾರೆ: "ಅಣ್ಣಾ, ಬೆಂಗಳೂರಾಗ ಗಾರ್ಡನ್ ಸೂಪರ್‌ವೈಸರ್ ಕೆಲಸ ಐತಂತ, ಕೈಗೆ ಎಷ್ಟ ಬರ್ತೈತಿ?" ದೇವಿಹೊಸೂರಿನಲ್ಲಿ ತೋಟಗಾರಿಕೆ ಎಂಜಿನಿಯರಿಂಗ್ ಕಾಲೇಜು, ಹನುಮನಮಟ್ಟಿಯಲ್ಲಿ ಕೃಷಿ ಕಾಲೇಜು ಇರುವ ಜಿಲ್ಲೆ ನಮ್ಮದು. ಓದಿದವರೂ ಅದನ್ನೇ ಕೇಳುತ್ತಾರೆ. ಹೋಗಬೇಡಿ ಎನ್ನುವುದಿಲ್ಲ, ಅದು ಒಳ್ಳೆಯ ಕೆಲಸ. ಕೈಗೆ ಬರುವ ಮೊತ್ತದ ಜೊತೆಗೆ ಬಿಲ್ಲಿನಲ್ಲಿ ನಿಮ್ಮ ಹೆಸರಿಗೆ ಎಷ್ಟು ಬರೆಯುತ್ತಾರೆ ಎಂದು ಕೇಳಿ ಎನ್ನುತ್ತೇನೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಪ್ರತಿ ಕೆಲಸಗಾರನಿಗೂ ನೇಮಕಾತಿ ಪತ್ರ ಕಡ್ಡಾಯ, ಭತ್ಯೆಗಳು ಒಟ್ಟು ಮೊತ್ತದ ಅರ್ಧ ಮೀರಿದರೆ ಮೀರಿದ್ದನ್ನು ವೇತನಕ್ಕೇ ಸೇರಿಸಿ ಲೆಕ್ಕ ಹಾಕಬೇಕು, ಮೇಲ್ವಿಚಾರಕನನ್ನು ಕಾರ್ಮಿಕನೆಂದು ಎಣಿಸುವ ಮಿತಿ 18 ಸಾವಿರಕ್ಕೆ ಏರಿದೆ. ಪತ್ರ ಕೈಗೆ ಬಾರದೆ ಹಾಜರಿ ಪುಸ್ತಕ ಹಿಡಿಯಬೇಡಿ. ಸೇರಿದ ಎರಡನೇ ತಿಂಗಳು ಉಮಂಗ್ ಆ್ಯಪ್‌ನಲ್ಲಿ ಪಿಎಫ್ ಪುಸ್ತಕ ತೆರೆದು ನೋಡಿ, ನಿಮ್ಮ ಕೈಕೆಳಗಿನವರದ್ದನ್ನೂ ತೆರೆಸಿ ನೋಡಿ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ, ಕಂಪನಿಗಳಲ್ಲಿ ಈ ಬಿಲ್ಲುಗಳಿಗೆ ಸಹಿ ಹಾಕುವವರೂ ಇದನ್ನು ಓದುತ್ತಿರಬಹುದು. ನಿಮ್ಮ ಅಂಗಳದ ಹುಲ್ಲು ಕತ್ತರಿಸುವವರಲ್ಲಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯವರೂ ಇರಬಹುದು. ಮುಂದಿನ ಬಿಲ್ಲು ಪಾಸು ಮಾಡುವ ಮೊದಲು ಹಿಂದಿನ ತಿಂಗಳ ಪಿಎಫ್, ಇಎಸ್‌ಐ ಚಲನ್‌ಗಳನ್ನು ಹೆಸರುಗಳ ಪಟ್ಟಿಯ ಸಮೇತ ಕೇಳಿ ಪಡೆಯಿರಿ. ಪಟ್ಟಿಯಲ್ಲಿ ಎಲ್ಲರ ಹೆಸರೂ ಇದೆಯೇ ಎಂದು ಅಂಗಳಕ್ಕೆ ಇಳಿದು ಒಬ್ಬೊಬ್ಬರನ್ನೇ ವಿಚಾರಿಸಿ. ಸೂಪರ್‌ವೈಸರ್‌ನನ್ನು ಮಾತ್ರ ಕೇಳಿ ಸುಮ್ಮನಾಗಬೇಡಿ.